ಕೇಳದಿದ್ದರೆ ಹೇಳಬೇಕೆ?

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಹೆಣ್ಣುಮಕ್ಕಳಾದ ನಮಗೆ ಸಣ್ಣಂದಿನಿಂದಲೇ ಬಾಯಿಪಾಠ ಮಾಡಿಸಿದ್ದಾರೆ. ಮನೆಯಲ್ಲಿ ಜಗಳ ಆಗದಿರಲಿ ಎಂಬ ಉದ್ದೇಶವಿದ್ದೀತು. ಆದರೆ ಮೌನ ನಿಜವಾಗಿಯೂ ಬಂಗಾರವಾಗುವ ಜಾಗವೊಂದಿದೆ, ಅದು ಹಳೆಯ ವಸ್ತುವನ್ನು ಮಾರುವ ಅಂಗಳ. ಅಲ್ಲಿ ಮಾರುವವನು ನುಂಗಿಕೊಂಡ ಒಂದೊಂದು ಮಾತಿಗೂ ರೊಕ್ಕದ ಲೆಕ್ಕವಿರುತ್ತದೆ.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮೊದಲು ಈ ಅಂಗಳ ದನದ್ದಾಗಿತ್ತು. ಹಾವೇರಿಯ ದನದ ಸಂತೆಗೆ ಹೋದ ಗಂಡಸರು ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುತ್ತಿದ್ದರು. ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ಕೊನೆಗೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಎತ್ತು ಹಾಯುತ್ತದೆ ಎನ್ನುವುದು ಮಾತ್ರ ಮನೆಗೆ ಬಂದ ಮೇಲೆ, ಅದೂ ಮೇವು ಹಾಕಲು ಹೋದ ಹೆಂಗಸಿಗೇ ಮೊದಲು ಗೊತ್ತಾಗುತ್ತಿತ್ತು.

ಈಗ ಎತ್ತಿನ ಜಾಗಕ್ಕೆ ಮೋಟರ್‌ಸೈಕಲ್ ಬಂದಿದೆ. ಅದರಲ್ಲೂ ಹುಡುಗರ ಕಣ್ಣು ಬೀಳುವುದು ಒಂದು ಜಾತಿಯ ಗಾಡಿಯ ಮೇಲೆ. ಮೈಕಟ್ಟು ಓಟದ ಪಂದ್ಯದ್ದು, ಬೆನ್ನಿಗೆ ಚೀಲ ಕಟ್ಟಿಕೊಂಡು ನಾನೂರು, ಐನೂರು ಕಿಲೋಮೀಟರ್ ಹೋಗಿ ಬರುವ ತಾಕತ್ತೂ ಇರಬೇಕು. ನಮ್ಮ ತಲೆಮಾರಿನ ಗಂಡಸರಿಗೆ ಆ ಕನಸು ಕೊಟ್ಟದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಶುರುವಾದ ಆ ಕಾರ್ಖಾನೆ ಯೆಜ್ಡಿ ರೋಡ್‌ಕಿಂಗ್ ಎಂಬ, ಹೆಸರಿನಲ್ಲೇ ಹೆದ್ದಾರಿ ಇಟ್ಟುಕೊಂಡ ಗಾಡಿಯನ್ನು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರು ಆಗುತ್ತಿದ್ದ ಆ ಗಾಡಿಯನ್ನು ಕಂಡರೆ ಈಗಲೂ ನಮ್ಮ ಮನೆಯವರು ರಸ್ತೆಯಲ್ಲಿ ನಿಂತುಬಿಡುತ್ತಾರೆ. 2003ರಲ್ಲಿ ಹೀರೋ ಹೋಂಡಾದವರು 223 ಸಿಸಿಯ ಕರಿಜ್ಮಾ ತಂದರು. 2009ರಲ್ಲಿ ಅದಕ್ಕೇ ಮೈತುಂಬ ಪ್ಲಾಸ್ಟಿಕ್ ಕವಚ ತೊಡಿಸಿ ಜೆಡ್‌ಎಂಆರ್ ಎಂದರು. ಇಂಥವನ್ನು ಹೊಸದಾಗಿ ಕೊಳ್ಳುವ ಶಕ್ತಿ ಎಷ್ಟು ಮನೆಗಿದ್ದೀತು? ಆದ್ದರಿಂದ ಸೆಕೆಂಡ್ ಹ್ಯಾಂಡ್. ಅವ್ವನ ಕಡೆಯಿಂದ ಸ್ವಲ್ಪ, ಸಂಘದ ಸಾಲ ಸ್ವಲ್ಪ, ಉಳಿದದ್ದಕ್ಕೆ ಬಳೆಯೋ ಬೋರಮಾಳವೋ. ಗಾಡಿ ಮಗನದು, ಒತ್ತೆ ಮಾತ್ರ ತಾಯಿಯದು.

ಹಳೆಯ ಗಾಡಿ ಕೊಳ್ಳುವುದು ಹೇಗೆಂದು ಗೊತ್ತಿದ್ದವರು ಹೇಳುತ್ತಾರೆ. ಹೋದ ಕೂಡಲೇ ಎಂಜಿನ್ನಿನ ಹತ್ತಿರ ಕೈ ಒಯ್ದು ನೋಡು. ಬೆಚ್ಚಗಿದ್ದರೆ ನೀನು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ತಣ್ಣಗಿನ ಗಾಡಿಯ ತಕರಾರು ನಿನಗೆ ಕಾಣಬಾರದೆಂದು. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯೇ ನೋಡು. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್‌ಸಿಗೆ ತಾಳೆ ಹಾಕು. ಹ್ಯಾಂಡಲಿನ ಕೆಳಗೆ, ಚಾಸಿಯ ಕುತ್ತಿಗೆಯ ಹತ್ತಿರ, ಹೊಸ ಬಣ್ಣವೋ ಬೆಸುಗೆಯೋ ಇದ್ದರೆ ಗಾಡಿ ಎಲ್ಲಿಯೋ ಬಿದ್ದಿದೆ. ಕಿಲೋಮೀಟರಿನ ಅಂಕಿ ನಂಬಬೇಡ, ಚೈನಿನ ಚಕ್ರದ ಹಲ್ಲು ನೋಡು. ಇಲ್ಲೂ ಹಲ್ಲೇ! ಆದರೆ ಈ ಕವಚದ ಗಾಡಿಗಳಲ್ಲಿ ನೋಡಬೇಕಾದದ್ದೆಲ್ಲ ಕವಚದ ಒಳಗಿರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗ ಒಳಗೆ ನೋಡುವುದಿಲ್ಲ, ಸ್ಟಿಕ್ಕರ್ ನೋಡುತ್ತಾನೆ. ಅವನು ಕೇಳುವುದಿಲ್ಲ. ಮಾರುವವನು ಹೇಳುವುದಿಲ್ಲ. ಸುಳ್ಳನ್ನಂತೂ ಯಾರೂ ಆಡಿಲ್ಲ. ಇದರಲ್ಲಿ ತಪ್ಪು ಯಾರದು?

ಕಾನೂನನ್ನು ಕೇಳಿದರೆ ಅದು ಒಂದು ಕುದುರೆಯ ಕಥೆ ಹೇಳುತ್ತದೆ. 1872ರ ಕರಾರು ಕಾಯಿದೆಯ 17ನೆಯ ಕಲಮು ಮೋಸ ಎಂದರೇನು ಎಂದು ವಿವರಿಸುತ್ತದೆ. ಸುಮ್ಮನಿರುವುದಷ್ಟೇ ಮೋಸವಲ್ಲ ಎಂದು ಹೇಳಿ ಉದಾಹರಣೆ ಕೊಡುತ್ತದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಐಬು ಇರುವುದು ಅವನಿಗೆ ಗೊತ್ತು. ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಇದು ಮೋಸವಲ್ಲ. ಅದರ ಬೆನ್ನಿಗೇ ಎರಡನೆಯ ಉದಾಹರಣೆ: ಅದೇ ಕುದುರೆ, ಅದೇ ಐಬು, ಆದರೆ ಕೊಳ್ಳುವವಳು ಅವನ ಮಗಳು, ಈಗಷ್ಟೇ ವಯಸ್ಸಿಗೆ ಬಂದವಳು. ಆಗ ಹೇಳುವುದು ಅವನ ಕರ್ತವ್ಯ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಕಾಯಿದೆ ಬರೆದವರಿಗೆ ಮಗಳು ಯಾಕೆ ನೆನಪಾದಳು? ಕೇಳಲು ಬಾರದವರ, ನಂಬಿ ಬರುವವರ ಉದಾಹರಣೆ ಬೇಕಾದಾಗ ಅವರಿಗೆ ಹೊಳೆದದ್ದು ಹುಡುಗಿ. ಅದೇನೇ ಇರಲಿ, ಆ ಎರಡು ಸಾಲುಗಳ ನಡುವೆ ಒಂದು ದೊಡ್ಡ ಒಪ್ಪಿಗೆ ಇದೆ. ಐಬನ್ನು ಮುಚ್ಚಿಡುವುದು ಒಳ್ಳೆಯ ಕೆಲಸವಲ್ಲವೆಂದು ಕಾನೂನಿಗೂ ಗೊತ್ತು. ಗೊತ್ತಿದ್ದೇ ಪರಕೀಯರ ವಿಷಯದಲ್ಲಿ ಕಣ್ಣು ಮುಚ್ಚುತ್ತದೆ. ಇನ್ನೂ ಒಂದು ವಿಚಿತ್ರ ನೋಡಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಮನೆ, ಹೊಲ ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮುಖ್ಯ ಐಬನ್ನು ತಾನಾಗಿ ಹೇಳಲೇಬೇಕು. ಗೋಡೆಯ ಬಿರುಕಿಗೆ ಸುಣ್ಣ ಬಳಿದು ಮಾರಬಾರದು, ಆದರೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ತನ್ನ ಹಳೆಯ ಗಾಡಿ ಮಾರುವಾಗ ಚಾಸಿಯ ಬಿರುಕಿನ ಬಗ್ಗೆ ಬಾಯಿ ಮುಚ್ಚಿಕೊಂಡಿರಬಹುದು. ಗೋಡೆಯ ಮೇಲೆ ಯಾರೂ ತಾಸಿಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವುದಿಲ್ಲವೆಂದು ಇವರಿಗೆ ಯಾರಾದರೂ ಹೇಳಬೇಕಿತ್ತು.

ಈ ವಾದ ಬಹಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ತನ್ನ ಮಗನಿಗಾಗಿ ಕರ್ತವ್ಯದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಇವನು ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಹೇಳಿದರೆ ಬೆಲೆ ಇಳಿಯುತ್ತದೆ. ಡಯೋಜಿನೀಸ್ ಎಂಬ ಪಂಡಿತ, ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಬಚ್ಚಿಡುವುದು ಬೇರೆ, ಸುಮ್ಮನಿರುವುದು ಬೇರೆ ಎಂದ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು ಎಂದ. ಸಿಸೆರೋ ಶಿಷ್ಯನ ಕಡೆ ವಾಲಿದ. ಬುದ್ಧಿವಂತರ ವಾದಗಳಲ್ಲಿ ನನಗೆ ಯಾವಾಗಲೂ ಕಾಣುವ ಕೊರತೆಯೆಂದರೆ, ಅಂಗಡಿಯ ಒಳಗೆ, ಪರದೆಯ ಹಿಂದೆ ಕೂತವರು ಅದರಲ್ಲಿ ಬರುವುದಿಲ್ಲ. ಆ ವ್ಯಾಪಾರಿಗೂ ಹೆಂಡತಿ ಇದ್ದಿರಬೇಕು, ಸಾಲ ಇದ್ದಿರಬೇಕು.

ಪರದೆಯ ಹಿಂದಿನವಳೊಬ್ಬಳು ನನಗೆ ಗೊತ್ತು. ಅವಳು ಹೊಸರಿತ್ತಿಯಲ್ಲಿದ್ದಾಳೆ.

ವರದಾ ನದಿಯ ದಂಡೆಯ ಈ ಊರಿನ ಹೆಸರನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಾಗಿಲ್ಲ. 1943ರಲ್ಲಿ ಮೈಲಾರ ಮಹಾದೇವಪ್ಪನವರು ಪ್ರಾಣ ಕೊಟ್ಟ ಊರು. ಗುದ್ಲೆಪ್ಪ ಹಳ್ಳಿಕೇರಿಯವರ ಊರು. ಗಾಂಧೀಜಿಯ ಹೆಸರಿನ ಗ್ರಾಮೀಣ ಗುರುಕುಲ ಇಲ್ಲಿದೆ. ಗಾಂಧೀಜಿ ಎಂದಾಗ ನೆನಪಾಯಿತು. ಅವರು ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣವೆಂದು ಹೇಳಿಕೊಂಡಿರುವುದು ಸ್ವರಾಜ್ಯದ ಬಗ್ಗೆ ಮಾಡಿದ್ದಲ್ಲ. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಇಪ್ಪತ್ತಮೂರರ ತರುಣ ವಕೀಲರಾಗಿ, ಹಿಂದೂಸ್ಥಾನದ ವ್ಯಾಪಾರಿಗಳ ಮುಂದೆ ಅವರು ಮಾತಾಡಿದ ವಿಷಯ ವ್ಯಾಪಾರದಲ್ಲಿ ಸತ್ಯ ಎಂಬುದು. ವ್ಯಾಪಾರದಲ್ಲಿ ಪೂರ್ತಿ ಸತ್ಯ ನಡೆಯುವುದಿಲ್ಲ, ಸತ್ಯ ಧರ್ಮಕ್ಕೆ ಸೇರಿದ್ದು, ವ್ಯಾಪಾರವೇ ಬೇರೆ ಎಂದು ವ್ಯಾಪಾರಿಗಳು ಹೇಳುವುದನ್ನು ಅವರು ಕೇಳಿದ್ದರು. ಅದನ್ನು ಒಪ್ಪದೆ ಮಾತಾಡಿದರು. ಆದರೆ ಅಂದು ಅವರು ಮಾರುವ ಮಾಲು ಯಾವುದೂ ಅವರ ಕೈಯಲ್ಲಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಹೊಸರಿತ್ತಿಯ ಈ ಹೆಣ್ಣುಮಗಳು ನನಗೆ ದೂರದ ಸಂಬಂಧದಲ್ಲಿ ಅಕ್ಕನಾಗಬೇಕು. ಹೆಸರು ಬೇಡ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕೈಗಡ ಮಾಡಿ ಒಂದು ಹಳೆಯ ಕರಿಜ್ಮಾ ಕೊಂಡಿದ್ದ. ಒಂದು ರಾತ್ರಿ ಹೆದ್ದಾರಿಯಲ್ಲಿ ಬಿದ್ದು ಹೋಗಿಬಿಟ್ಟ. ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಗಾಡಿ ಪೊಲೀಸ್ ಠಾಣೆಯಿಂದ ಮನೆಗೆ ಬಂತು. ಮೈದುನ ಅದನ್ನು ರಿಪೇರಿ ಮಾಡಿಸಿದ. ಮಿಸ್ತ್ರಿ ಬಾಗಿದ ಚಾಸಿಯನ್ನು ಕಾಸಿ ನೆಟ್ಟಗೆ ಮಾಡಿದ, ಹೊಸ ಬಣ್ಣ ಹೊಡೆದ, ಹೊಸ ಸ್ಟಿಕ್ಕರ್ ಅಂಟಿಸಿದ. ಹದಿನೆಂಟು ಸಾವಿರ ಖರ್ಚು. ನಲವತ್ತೈದಕ್ಕೆ ಮಾರಿದರೆ ಕೈಗಡ ತೀರಿ ಒಂದಿಷ್ಟು ಉಳಿಯುತ್ತದೆ ಎಂಬುದು ಮೈದುನನ ಲೆಕ್ಕ. ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ಮಗ ಮಾಡಿದ ಸಾಲಕ್ಕೆ ಜನ ಬಾಗಿಲಿಗೆ ಬಂದಾಗ ಎದುರು ನಿಂತವನು ಅವನೇ.

ಮಾರುವ ಮೊದಲು ಕಾಗದಪತ್ರ ಆಗಬೇಕಿತ್ತು. ಮಾಲೀಕ ತೀರಿಕೊಂಡರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ 31ನೆಯ ನಮೂನೆಯ ಅರ್ಜಿ. ಮದುವೆಯಾಗದ ಮಗ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮೊದಲ ವಾರಸುದಾರಳು ತಾಯಿ. ತಂದೆ ಬದುಕಿದ್ದರೂ ಅವನ ಸರದಿ ಆಮೇಲೆ. ಇದು ನಮ್ಮಲ್ಲಿ ಎಷ್ಟು ತಾಯಂದಿರಿಗೆ ಗೊತ್ತಿದೆಯೋ! ಹೀಗೆ ಆ ಗಾಡಿ ಅಕ್ಕನ ಹೆಸರಿಗೆ ಬಂತು. ಹೊಲ ಮಾವನ ಹೆಸರಿನಲ್ಲಿ, ಮನೆ ಗಂಡನ ಹೆಸರಿನಲ್ಲಿ ಇದ್ದ ಹೆಂಗಸಿಗೆ ಸರ್ಕಾರ ಮೊದಲ ಸಲ ಮಾಲೀಕಳು ಎಂದು ಬರೆದುಕೊಟ್ಟದ್ದು ಈ ಗಾಡಿಗೆ. ಮಾರುವಾಗ 29, 30ನೆಯ ನಮೂನೆಗಳಿಗೂ ಅವಳದೇ ಸಹಿ. ಆ ಸಹಿ ಸಣ್ಣದೇನಲ್ಲ. ಗಾಡಿ ಮಾರಿ ಎಷ್ಟು ಕೈ ದಾಟಿದ್ದರೂ ನೋಂದಣಿ ಯಾರ ಹೆಸರಿನಲ್ಲಿ ಉಳಿದಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಏಜೆಂಟರ ಕೈಯಲ್ಲಿ ಖಾಲಿ ನಮೂನೆಗೆ ಸಹಿ ಹಾಕಿಕೊಟ್ಟು ಮರೆತುಬಿಡುವ ನಮ್ಮ ಹೆಂಗಸರು ಇದನ್ನೊಂದು ನೆನಪಿಡಬೇಕು.

ಗಿರಾಕಿ ಬಂದ. ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ಮೆಣಸಿನಕಾಯಿ ಪೇಟೆಯಲ್ಲಿ ಖರೀದಿದಾರರು ಚೀಲದ ಬಾಯಿ ಬಿಚ್ಚಿ, ಒಳಗೆ ಕೈ ಹಾಕಿ, ತಳದ ಕಾಯಿ ತೆಗೆದು ಹಸಿಯೋ ಒಣಗಿದ್ದೋ ಎಂದು ಮುರಿದು ನೋಡುವುದನ್ನು ದಿನಾ ಕಾಣುವವನು. ಆದರೂ ಗಾಡಿಯ ಮುಂದೆ ಬಂದಾಗ ಮೇಲಿನ ಕೆಂಪನ್ನೇ ನೋಡಿದ. ಗೆಳೆಯರು ನಾಲ್ವರು ಸೇರಿ ಗೋವಾಕ್ಕೆ ಹೋಗುವುದಿದೆ ಎಂದ. ಎರಡು ಸುತ್ತು ಹೊಡೆದು ಬಂದ. ಊರೊಳಗಿನ ರಸ್ತೆಯಲ್ಲಿ ನಲವತ್ತರ ಮೇಲೆ ಹೋಗಲು ಬರುವುದಿಲ್ಲವಲ್ಲ, ಅವನಿಗೇನು ಗೊತ್ತಾಗಬೇಕು? ಬೆಲೆಯ ಮಾತು ಶುರುವಾಯಿತು. ಆಗ ಅಕ್ಕ ಚಹಾದ ಕಪ್ಪು ಹಿಡಿದು ಹೊರಗೆ ಬಂದಳು.

“ತಮ್ಮಾ, ಅದು ಬಿದ್ದ ಗಾಡಿ ಐತಿ. ಚಾಸಿ ಬಾಗಿತ್ತು, ಕಾಸಿ ನೆಟ್ಟಗ ಮಾಡಿಸ್ಯಾರ. ಎಂಬತ್ತು ದಾಟಿದ್ರ ಹ್ಯಾಂಡಲ್ ನಡುಗತೈತಂತ ಮಿಸ್ತ್ರಿ ಹೇಳ್ಯಾನ.”

“ಹೌದೇನ್ರಿ ಅವ್ವಾರ,” ಎಂದ ಹುಡುಗ, ಚಹಾ ಕುಡಿದು ಎದ್ದು ಹೋದ.

ಆಮೇಲೆ ಮನೆಯಲ್ಲಿ ನಡೆದ ಮಾತುಗಳನ್ನು ನೀವು ಊಹಿಸಿಕೊಳ್ಳಬಹುದು. “ಅಂವ ಕೇಳಿದ್ನೇನ್ರಿ ವೈನಿ? ಕೇಳಲಾರದ್ದನ್ನ ನೀವ್ಯಾಕ ಹೇಳಿದ್ರಿ?” ಎಂದು ಮೈದುನ. “ಅಂವಗ ಕೇಳಾಕ ಗೊತ್ತಿಲ್ಲ, ನನಗ ಹೇಳಾಕ ಗೊತ್ತೈತಿ,” ಎಂದು ಅಕ್ಕ. ಎರಡು ಸಾವಿರ ವರ್ಷದ ಹಿಂದಿನ ಇಬ್ಬರು ಪಂಡಿತರು ಹೊಸರಿತ್ತಿಯ ಅಂಗಳದಲ್ಲಿ ನಿಂತಂತೆ ನನಗೆ ಅನಿಸಿತು.

ಆದರೆ ಅಕ್ಕ ಆಂಟಿಪೇಟರನ ಶಿಷ್ಯೆಯೂ ಅಲ್ಲ. ಇದು ತಿಳಿದದ್ದು ನಾನು ಒಂದು ಮಾತು ಕೇಳಿದ ಮೇಲೆ. ಆ ಗಾಡಿಯ ಮೇಲೆಯೇ ಮಗ ಹೋದದ್ದನ್ನೂ ಹುಡುಗನಿಗೆ ಹೇಳಿದೆಯಾ ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

“ಇಲ್ಲ. ಚಾಸಿ ಸುದ್ದಿ ಅಂವನದು, ಅದರ ಮ್ಯಾಲೆ ಕುಂದ್ರಾಂವ ಅಂವ. ನನ್ನ ಮಗನ ಸುದ್ದಿ ನಂದು. ಅದನ್ಯಾಕ ಸಂತಿಯೊಳಗ ಇಡ್ಲಿ?”

ಕಾನೂನಿನಲ್ಲಾಗಲಿ, ರೋಮಿನ ಪುಸ್ತಕದಲ್ಲಾಗಲಿ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದದ್ದನ್ನು ನಾನು ಕಂಡಿಲ್ಲ. ಎಷ್ಟು ಹೇಳಬೇಕು ಎಂದು ಅವರು ಕೇಳಿಕೊಂಡರು. ಯಾವುದು ಯಾರದು ಎಂದು ಇವಳು ಕೇಳಿಕೊಂಡಳು. ಗಾಡಿಯನ್ನು ಮಾರಿದಾಗ ಅದರ ಚಾಸಿಯ ಜೊತೆ ಚಾಸಿಯ ಸತ್ಯವೂ ಕೊಳ್ಳುವವನಿಗೆ ಸೇರುತ್ತದೆ. ಅದನ್ನು ಇಟ್ಟುಕೊಂಡರೆ ಅವನ ವಸ್ತುವನ್ನು ಇಟ್ಟುಕೊಂಡ ಹಾಗೆ. ಅಪಶಕುನ ನಂಬುವವರು ಕೇಳಬಹುದು: ಸಾವಾದ ಗಾಡಿ ಎಂದು ಗೊತ್ತಿದ್ದರೆ ನಾನು ಕೊಳ್ಳುತ್ತಿರಲಿಲ್ಲವಲ್ಲ, ಅದೂ ನನ್ನದೇ ಅಲ್ಲವೇ? ಈ ಪ್ರಶ್ನೆಯನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆ ಹುಡುಗ ನೇರವಾಗಿ ಕೇಳಿದ್ದರೆ ಅಕ್ಕ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಕಾಯಿದೆಯ ಇನ್ನೊಂದು ಕುದುರೆಯ ಉದಾಹರಣೆಯಲ್ಲಿ ಕೊಳ್ಳುವವನು, ನೀನು ಇಲ್ಲ ಎನ್ನದಿದ್ದರೆ ಐಬು ಇಲ್ಲವೆಂದೇ ತಿಳಿಯುತ್ತೇನೆ ಎನ್ನುತ್ತಾನೆ. ಅಲ್ಲಿ ಸುಮ್ಮನಿದ್ದರೂ ಅದು ಮಾತೇ. ಆದರೆ ಕೇಳದ ಮನುಷ್ಯನ ಭಯಗಳನ್ನೆಲ್ಲ ಊಹಿಸಿ ತನ್ನ ದುಃಖವನ್ನು ಬಿಚ್ಚಿಡಬೇಕೆಂದು ಒಬ್ಬ ತಾಯಿಗೆ ಹೇಳುವುದು ನನಗೆ ಸಾಧ್ಯವಿಲ್ಲ. ಬಾಗಿದ ಕಬ್ಬಿಣ ನಂಬಿದವನನ್ನೂ ನಂಬದವನನ್ನೂ ಒಂದೇ ರೀತಿ ಕೆಡವುತ್ತದೆ. ಶಕುನ ಹಾಗಲ್ಲ.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಮ್ಮ ಜನಕ್ಕೆ ಈ ಗೆರೆ ಗಾಡಿಗಿಂತ ಹೆಚ್ಚು ಮದುವೆಯಲ್ಲಿ ಬೇಕು. ಹೆಣ್ಣು ನೋಡಲು ಬಂದಾಗ ಹುಡುಗನ ಕುಡಿತ, ಹುಡುಗನ ಸಾಲ ಹೇಳದೆ ಉಳಿಯುತ್ತವೆ. ಕೇಳಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಅದೇ ಹುಡುಗಿಗೆ ಹಿಂದೊಮ್ಮೆ ನಿಶ್ಚಯವಾಗಿ ಮುರಿದದ್ದಿದ್ದರೆ ಅದನ್ನು ಅಗೆದು ತೆಗೆಯುವ ತನಕ ಬಂಧುಗಳಿಗೆ ನಿದ್ದೆಯಿಲ್ಲ. ಕುಡಿತ ಅವಳ ದಿನದಿನದ ಬದುಕಿಗೆ ಸೇರುವಂಥದ್ದು, ಅದು ಅವಳಿಗೆ ಸೇರಬೇಕಾದ ಸತ್ಯ. ಮುರಿದ ನಿಶ್ಚಯ ಅವಳ ಸ್ವಂತದ್ದು, ಹೇಳಬೇಕೆನಿಸಿದರೆ ಅವಳು ಹೇಳಿಯಾಳು. ನಾವು ಸರಿಯಾಗಿ ತಿರುವುಮುರುವು ಮಾಡಿಕೊಂಡಿದ್ದೇವೆ.

ಇನ್ನು ಮೈದುನನ ಪ್ರಶ್ನೆ ಉಳಿಯಿತು. ನಿಮ್ಮ ಸತ್ಯದ ಖರ್ಚು ಯಾರು ಕೊಡಬೇಕು? 1970ರಲ್ಲಿ ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಪೇಟೆಯ ಬಗ್ಗೆ ಒಂದು ಲೇಖನ ಬರೆದರು. ಮುಂದೆ 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಗಲು ಅದೇ ಕಾರಣ. ಅದರ ಸಾರ ನಮಗೆ ಹೊಸದೇನಲ್ಲ. ಐಬಿನ ಗಾಡಿ ಯಾವುದು, ಒಳ್ಳೆಯದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರುವುದಿಲ್ಲ, ಎದ್ದು ಹೋಗುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅಂದರೆ ಸುಮ್ಮನಿರುವವರ ಸಾಲವನ್ನು ಒಳ್ಳೆಯ ಗಾಡಿಯವರು ತೀರಿಸುತ್ತಿದ್ದಾರೆ. ಸರಿ. ಆದರೆ ಇದನ್ನು ಮೈದುನನಿಗೆ ಹೇಳಿದರೆ ಅವನು ನಗುತ್ತಾನೆ. ಕೈಗಡ ಕೊಟ್ಟವರು ಪೇಟೆಯ ಆರೋಗ್ಯ ವಿಚಾರಿಸಲು ಬರುವುದಿಲ್ಲ, ಅವನ ಬಾಗಿಲಿಗೇ ಬರುತ್ತಾರೆ. ಹೇಳಿದ್ದು ಅಕ್ಕ, ನಷ್ಟದ ಭಾರ ಹೊತ್ತದ್ದು ಅವನು. ಒಬ್ಬರ ಪ್ರಾಮಾಣಿಕತೆಗೆ ಇನ್ನೊಬ್ಬರು ತೆರಬೇಕಾಗಿ ಬಂದರೆ ಅದು ಸರಿಯೇ ಎಂದರೆ, ಇಲ್ಲಿ ಸರಿ ಎಂದೇ ನಾನು ಹೇಳುತ್ತೇನೆ, ಯಾಕೆಂದರೆ ಇನ್ನೊಂದು ತಕ್ಕಡಿಯಲ್ಲಿದ್ದದ್ದು ಬ್ಯಾಡಗಿಯ ಆ ಹುಡುಗನ ತಲೆ. ಆದರೆ ಮೈದುನನಿಗೆ ಇದನ್ನು ಎದುರಿಗೆ ಹೇಳುವ ಧೈರ್ಯ ಬೇಕಾದರೆ ಕೈಯಲ್ಲಿ ಒಂದಿಷ್ಟು ರೊಕ್ಕವನ್ನೂ ಹಿಡಿದುಕೊಂಡು ಹೋಗಬೇಕು.

ಗಾಡಿ ಕೊನೆಗೆ ಗುಜರಿಗೆ ಹೋಯಿತು. ಎಂಜಿನ್ನು, ಟ್ಯಾಂಕು, ಗಾಲಿ ಬಿಡಿಬಿಡಿಯಾಗಿ ಹದಿನಾಲ್ಕು ಸಾವಿರ ಬಂತು. ಅಕ್ಕನದು ಒಂದೇ ಶರತ್ತು, ಚಾಸಿ ಇಡಿಯಾಗಿ ಮನೆಯಿಂದ ಹೊರಗೆ ಹೋಗಬಾರದು. ಗುಜರಿಯವನು ಗ್ಯಾಸ್ ಕಟರ್ ತರಿಸಿ ಅಂಗಳದಲ್ಲೇ ಕೊಯ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ನಂಬರು ಕೊರೆದಿದ್ದ ತುಂಡನ್ನು ಆರ್‌ಸಿಯ ಜೊತೆ ಹಾವೇರಿಗೆ ಒಯ್ದು ನೋಂದಣಿ ರದ್ದು ಮಾಡಿಸಿಕೊಂಡು ಬಂದವನು ಮೈದುನನೇ. ಹದಿನೆಂಟು ಸಾವಿರದ ಮಾತನ್ನು ಅವನು ಈಗಲೂ ವರ್ಷಕ್ಕೊಮ್ಮೆ ತೆಗೆಯುತ್ತಾನೆ.